ಮಂಡ್ಯದ ಟಿವಿ ಯಾಕೆ ಕಪ್ಪಗಿತ್ತು

ನಾನಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಅಪ್ಪ ಅಮ್ಮ ಮಂಡ್ಯದಲ್ಲಿ. ಮಧ್ಯೆ ಸುಮಾರು 45 ಕಿಲೋಮೀಟರ್. ದೂರವೇನಲ್ಲ, ಆದರೆ ಅಲ್ಲಿಯ ಟಿವಿಯಲ್ಲಿ ಏನು ಕಾಣುತ್ತಿದೆ ಅಂತ ಇಣುಕಿ ನೋಡುವಷ್ಟು ಹತ್ತಿರವೂ ಅಲ್ಲ. ಈ ಕಥೆಯ ಅರ್ಧ ತೊಂದರೆ ಅದೇ.

ಮಂಡ್ಯದ ಮನೆಯಲ್ಲಿ ನನ್ನದೊಂದು ಹಳೆಯ ಕಂಪ್ಯೂಟರ್ ಇದೆ. ಇಂಟೆಲ್ ಐ3, 4 ಜಿಬಿ ರ‍್ಯಾಮ್, ಮಾನಿಟರ್ ಇಲ್ಲ. ಡೆಬಿಯನ್ (ಒಂದು ಬಗೆಯ ಲಿನಕ್ಸ್) ಹಾಕಿ ಫೈಲ್ ಸರ್ವರ್ ಮಾಡಿದ್ದೇನೆ. ಮದುವೆ ಫೋಟೋ, ಅಪ್ಪನ ಗದ್ದೆ ಲೆಕ್ಕ, ಸ್ಕ್ಯಾನ್ ಮಾಡಿದ ಪಹಣಿ, ಎಲ್ಲ ಅದರಲ್ಲೇ. ವರ್ಷಗಳಿಂದ ಒಂದು ದಿನವೂ ಕೈಕೊಟ್ಟಿಲ್ಲ. ಹಾಗಾಗಿ ಅದನ್ನು ಮುಟ್ಟಲು ನನಗೆ ಭಯ.

ಹಬ್ಬಕ್ಕೆ ಹೋದಾಗ ಅಮ್ಮ ಕೇಳಿದರು, ಫೋನಿನಲ್ಲಿ ಸೋಬಾನೆ ಪದ ಕೇಳಿ ಕೇಳಿ ಕಣ್ಣು ನೋವು, ಅದು ಟಿವಿಯಲ್ಲಿ ಬರಲ್ವಾ ಅಂತ. ಟಿವಿ ಹಳೆಯದು, ಸ್ಮಾರ್ಟ್ ಅಲ್ಲ, ಆದರೆ ಎಚ್‌ಡಿಎಂಐ ಇದೆ. ಕಂಪ್ಯೂಟರ್ ಅದರ ಪಕ್ಕದಲ್ಲೇ ಇದೆ. ಒಂದು ಕೇಬಲ್, ಒಂದು ಬ್ರೌಸರ್, ಮುಗೀತು ಅಲ್ವಾ? ಅಷ್ಟೇ ಮಾಡಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಓಡುತ್ತಿರುವ ಸರ್ವರ್ ಮೇಲೆ ಡೆಸ್ಕ್‌ಟಾಪ್, ಬ್ರೌಸರ್ ಅಂತ ನೂರಾರು ಪ್ಯಾಕೇಜ್ ಸುರಿಯಲು ಮನಸ್ಸು ಬರಲಿಲ್ಲ. ಆಗ ನನಗೊಂದು ಜಾಣತನ ಹೊಳೆಯಿತು. ಡಿಸ್ಕಿನ ಒಂದು ಮೂಲೆಯಲ್ಲಿ ಡೆಬೂಟ್‌ಸ್ಟ್ರಾಪ್ ಅನ್ನುವ ಸಲಕರಣೆಯಿಂದ ಇನ್ನೊಂದು ಹೊಸ ಡೆಬಿಯನ್ ಇಳಿಸಿ, ಅದರೊಳಗೆ ಸಿಎಚ್‌ರೂಟ್ ಮಾಡಿ, ಪರದೆಗೆ ಚಿತ್ರ ಬಿಡಿಸುವ ಎಕ್ಸ್ ಸರ್ವರ್ ಅನ್ನುವ ಪ್ರೋಗ್ರಾಂ ಅನ್ನೇ ಅಲ್ಲಿಂದ ಓಡಿಸೋಣ, ಹೊರಗಿನದಕ್ಕೆ ಏನೂ ತಾಗುವುದಿಲ್ಲ ಅಂತ.

ತಾಗುತ್ತದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಸಿಎಚ್‌ರೂಟ್ ಹಳೆಯ ಸಂಗತಿ. 1979ರಲ್ಲಿ ಬಂದ ಯೂನಿಕ್ಸ್ 7ನೇ ಆವೃತ್ತಿಯ ಕಾಲದ್ದು. ಅದು ಮಾಡುವುದು ಒಂದೇ ಕೆಲಸ. ಒಂದು ಪ್ರೋಗ್ರಾಂಗೆ ‘ನಿನ್ನ ಬೇರು ಫೋಲ್ಡರ್ ಇನ್ನು ಮೇಲೆ ಇದು’ ಅಂತ ಹೇಳುವುದು. ಅಷ್ಟೇ. ಕರ್ನಲ್ (ಹಾರ್ಡ್‌ವೇರ್ ನಡೆಸುವ ಲಿನಕ್ಸ್‌ನ ತಿರುಳು) ಅದೇ, ನೆಟ್‌ವರ್ಕ್ ಅದೇ, ಹಾರ್ಡ್‌ವೇರ್ ಅದೇ, ಪ್ರೋಸೆಸ್ ಪಟ್ಟಿಯೂ ಅದೇ. ನಮ್ಮ ಕಡೆಯ ಹಳೇ ವಠಾರ ನೋಡಿದ್ದರೆ ಥಟ್ಟನೆ ಅರ್ಥವಾಗುತ್ತದೆ. ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಅಡಿಗೆಮನೆ. ಆದರೆ ಬಾವಿ ಒಂದೇ, ಬಚ್ಚಲು ಒಂದೇ, ಪಕ್ಕದ ಮನೆಯವರು ಕೆಮ್ಮಿದರೆ ನಿಮಗೆ ಕೇಳುತ್ತದೆ. ಸಾಧಾರಣ ಪ್ರೋಗ್ರಾಂಗಳು ಅಡಿಗೆಮನೆಯಲ್ಲೇ ಇದ್ದುಬಿಡುತ್ತವೆ, ಅವಕ್ಕೆ ತೊಂದರೆ ಇಲ್ಲ. ಎಕ್ಸ್ ಸರ್ವರ್ ಹಾಗಲ್ಲ. ಅದಕ್ಕೆ ಬಾವಿಯೂ ಬೇಕು, ಬಚ್ಚಲೂ ಬೇಕು, ಅಂಗಳವೂ ಬೇಕು. ಗ್ರಾಫಿಕ್ಸ್ ಕಾರ್ಡ್, ವರ್ಚುವಲ್ ಕನ್ಸೋಲ್ (ಕಂಪ್ಯೂಟರಿಗೇ ನೇರ ಸಿಕ್ಕಿಸಿದ ಪರದೆ-ಕೀಬೋರ್ಡಿನ ಟರ್ಮಿನಲ್), ಕೀಬೋರ್ಡ್, ಮೌಸ್, ಹೀಗೆ ಕರ್ನಲ್ ಜೊತೆ ನೇರ ವ್ಯವಹಾರ ಇರುವ ಎಲ್ಲವನ್ನೂ ಅದು ಹುಡುಕಿಕೊಂಡು ಹೊರಡುತ್ತದೆ.

(ಮುಂದೆ ಬರುವ ಫೋಲ್ಡರ್ ಹೆಸರು, ಕಮಾಂಡು ಎಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ ಬಲ್ಲವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ.)

ಕೇಬಲ್ ಚುಚ್ಚಿ ಮೈಸೂರಿಗೆ ವಾಪಸ್ ಬಂದೆ. ಸೋಮವಾರ ರಾತ್ರಿ ಊಟ ಆದ ಮೇಲೆ ವೈರ್‌ಗಾರ್ಡ್ (ಒಂದು ವಿಪಿಎನ್) ಹಾಕಿ ಎಸ್‌ಎಸ್‌ಎಚ್ ಮಾಡಿ, ಅಂದರೆ ದೂರದಿಂದಲೇ ಮಂಡ್ಯದ ಕಂಪ್ಯೂಟರಿಗೆ ಲಾಗಿನ್ ಆಗಿ, ಸಿಎಚ್‌ರೂಟ್ ಒಳಗೆ ಹೋಗಿ, ಅಮ್ಮನಿಗಾಗಿ ಮಾಡಿದ ಹೊಸ ಯೂಸರ್‌ನಿಂದ ಎಕ್ಸ್ ಶುರು ಮಾಡುವ ಸ್ಟಾರ್ಟ್‌ಎಕ್ಸ್ ಕಮಾಂಡ್ ಕೊಟ್ಟೆ. ಮೊದಲ ಉತ್ತರ: ಕನ್ಸೋಲ್ ಮುಂದೆ ಕೂತವರಿಗೆ ಮಾತ್ರ ಎಕ್ಸ್ ಸರ್ವರ್ ನಡೆಸಲು ಅನುಮತಿ. ನ್ಯಾಯವೇ. ಡೆಬಿಯನ್‌ನಲ್ಲಿ ಎಕ್ಸ್‌ಆರ್ಗ್ (ಇದೇ ಎಕ್ಸ್ ಸರ್ವರ್) ಮುಂದೆ ಒಂದು ಸಣ್ಣ ಕಾವಲುಗಾರ ಪ್ರೋಗ್ರಾಂ ಇರುತ್ತದೆ, ಅದು ನೀವು ನಿಜವಾದ ಕನ್ಸೋಲ್‌ನಲ್ಲಿ ಇದ್ದೀರಾ ಅಂತ ನೋಡುತ್ತದೆ. ಎಸ್‌ಎಸ್‌ಎಚ್‌ನಲ್ಲಿ ಬಂದವನು ಅದರ ಲೆಕ್ಕಕ್ಕೆ ಇಲ್ಲ. ಸಿಎಚ್‌ರೂಟ್ ಒಳಗಿನ /ಇಟಿಸಿ/ಎಕ್ಸ್11 ಫೋಲ್ಡರಿನಲ್ಲಿ ಎಕ್ಸ್‌ರ‍್ಯಾಪರ್ ಕಾನ್ಫಿಗ್ ಅಂತ ಫೈಲ್ ಇದೆ. ಅದರಲ್ಲಿ ಯಾರು ಬೇಕಾದರೂ ನಡೆಸಬಹುದು ಅಂತ ಒಂದು ಸಾಲು, ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಹಕ್ಕು ಬೇಕು ಅಂತ ಇನ್ನೊಂದು ಸಾಲು ಬರೆದೆ. ಇದು ಎರಡು ನಿಮಿಷದಲ್ಲಿ ಆಯಿತು. ನಾನು ಬೀಗಿದೆ.

ಎರಡನೇ ಸಲ: /ಡೆವ್/ಟಿಟಿವೈ0 ಸಿಗುತ್ತಿಲ್ಲ. ಡೆವ್ ಅಂದರೆ ಸಾಧನಗಳೆಲ್ಲ ಫೈಲುಗಳಾಗಿ ಕಾಣುವ ಫೋಲ್ಡರ್, ಟಿಟಿವೈ0 ಅಂದರೆ ವರ್ಚುವಲ್ ಕನ್ಸೋಲ್. ಡೆಬೂಟ್‌ಸ್ಟ್ರಾಪ್ ತಾನೇ ಒಂದು ಪುಟ್ಟ ಡೆವ್ ಫೋಲ್ಡರ್ ಮಾಡಿಕೊಡುತ್ತದೆ, ಅದರಲ್ಲಿ ನಲ್, ಝೀರೋ, ರ‍್ಯಾಂಡಮ್ ತರಹದ ನಾಲ್ಕಾರು ಇರುತ್ತವೆ. ವರ್ಚುವಲ್ ಕನ್ಸೋಲ್ ಇಲ್ಲ, ಗ್ರಾಫಿಕ್ಸ್ ಕಾರ್ಡ್ ಇರುವ ಡಿಆರ್‌ಐ ಫೋಲ್ಡರ್ ಇಲ್ಲ, ಕೀಬೋರ್ಡ್ ಇರುವ ಇನ್‌ಪುಟ್ ಫೋಲ್ಡರ್ ಇಲ್ಲ. ಹೊರಗಿನ ಡೆವ್ ಅನ್ನು ಒಳಗೆ ಬೈಂಡ್ ಮೌಂಟ್ ಮಾಡಬೇಕು, ಅಂದರೆ ಅದೇ ಫೋಲ್ಡರ್ ಒಳಗೂ ಕಾಣುವ ಹಾಗೆ ಮಾಡಬೇಕು. ನಾನು ಆರ್‌ಬೈಂಡ್ ಮಾಡಿದೆ, ಅಂದರೆ ಅದರ ಕೆಳಗಿನ ಪಿಟಿಎಸ್ (ಟರ್ಮಿನಲ್‌ಗಳ ಫೋಲ್ಡರ್), ಎಸ್‌ಎಚ್‌ಎಂ ಕೂಡ ಜೊತೆಗೆ ಬರಲಿ ಅಂತ. ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರಾಕ್ ಮತ್ತು ಸಿಸ್ ಫೋಲ್ಡರ್ ಸಹ ಹಾಗೇ. ಈ ಆರ್‌ಬೈಂಡ್ ನೆನಪಿಟ್ಟುಕೊಳ್ಳಿ, ಮುಂದೆ ಅದೇ ನನ್ನ ಮಾನ ತೆಗೆಯುತ್ತದೆ.

ಮೂರನೇ ಸಲ ಲಾಗ್, ಅಂದರೆ ಎಕ್ಸ್ ಬರೆದಿಡುವ ದಿನಚರಿ, ತೆರೆದೆ. ಎಕ್ಸ್‌ಆರ್ಗ್ ಲಾಗ್‌ನಲ್ಲಿ ಪ್ರತಿ ಸಾಲಿನ ಮೊದಲು ಒಂದು ಗುರುತು ಇರುತ್ತದೆ. ಡಬಲ್ ಐ ಅಂದರೆ ಸುಮ್ನೆ ಮಾಹಿತಿ, ಡಬಲ್ ಡಬ್ಲ್ಯೂ ಅಂದರೆ ಎಚ್ಚರಿಕೆ, ಡಬಲ್ ಇ ಅಂದರೆ ತಪ್ಪು. ನನ್ನ ಲಾಗ್‌ನಲ್ಲಿ ಎದ್ದು ಕಾಣುವ ಒಂದು ಡಬಲ್ ಇ ಇತ್ತು: ಡಿ-ಬಸ್ (ಪ್ರೋಗ್ರಾಂಗಳು ಒಂದಕ್ಕೊಂದು ಮಾತಾಡುವ ವ್ಯವಸ್ಥೆ) ಸಾಕೆಟ್, ಅಂದರೆ ಅದರ ಸಂಪರ್ಕದ ಬಾಗಿಲು, ಸಿಗುತ್ತಿಲ್ಲ. ಸರಿ, ಇದೇ ಕಳ್ಳ ಅಂದುಕೊಂಡೆ. ಒಳಗೆ ಡಿ-ಬಸ್ ಹಾಕಿದೆ. ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಸಿಟಿಎಲ್ ಕಮಾಂಡ್‌ನಿಂದ ಶುರು ಮಾಡು ಅಂದರೆ, ನಾನು ಸಿಎಚ್‌ರೂಟ್‌ನಲ್ಲಿದ್ದೇನೆ, ನಿನ್ನ ಮಾತು ಕೇಳಲ್ಲ ಅಂತ ಒಂದೇ ಸಾಲಿನಲ್ಲಿ ಉತ್ತರ. ಹೊರಗಿನ ಸಾಕೆಟ್ ಅನ್ನು ಒಳಗೆ ತಂದೆ. ಆಗ ಬೇರೆ ದೂರು. ಯಾರು ಲಾಗಿನ್ ಆಗಿದ್ದಾರೆ ಅಂತ ಲೆಕ್ಕ ಇಡುವ ಲಾಗಿನ್‌ಡಿಯಲ್ಲಿ ನಿನಗೆ ಸೆಷನ್ನೇ ಇಲ್ಲ ಅಂತ. ಮಂಗಳವಾರ ಇಡೀ ಸಂಜೆ ಇದರಲ್ಲೇ ಹೋಯಿತು, ಮಧ್ಯೆ ನಮ್ಮ ಬೀದಿಯಲ್ಲಿ ಒಂದು ಗಂಟೆ ಕರೆಂಟೂ ಹೋಯಿತು, ಮೊಂಬತ್ತಿ ಬೆಳಕಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ನನ್ನನ್ನು ನೋಡಿ ಹೆಂಡತಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಗೊತ್ತಾಯಿತು, ಆ ಡಬಲ್ ಇ ಒಂದು ಹೆದರುಬೊಂಬೆ. ರೂಟ್ ಹಕ್ಕಿಲ್ಲದೆ ಎಕ್ಸ್ ನಡೆಸಬೇಕಾದರೆ ಮಾತ್ರ ಲಾಗಿನ್‌ಡಿ ಸಹಾಯ ಬೇಕು, ಕಾರ್ಡಿನ ಯಜಮಾನಿಕೆ ಕೊಡಿಸಲು. ರೂಟ್ ಆಗಿ ನಡೆದರೆ ಎಕ್ಸ್ ಆ ಸಾಲು ಬರೆದು, ಹಳೆಯ ದಾರಿಯಲ್ಲಿ ತಾನೇ ಕಾರ್ಡ್ ತೆರೆದುಕೊಂಡು ಮುಂದೆ ಹೋಗುತ್ತದೆ. ಲಾಗ್‌ನಲ್ಲಿ ಅದರ ನಂತರ ಇನ್ನೂ ಇನ್ನೂರು ಸಾಲು ಇದ್ದವು! ಸತ್ತವನು ಅಷ್ಟೊಂದು ಮಾತಾಡುತ್ತಾನಾ? ಮೊದಲ ಡಬಲ್ ಇ ನೋಡಿ ಓಡಿಹೋಗದೆ ಲಾಗ್ ಅನ್ನು ಕೆಳಗಿನಿಂದ ಮೇಲಕ್ಕೆ ಓದಿದ್ದರೆ ನನಗೆ ಒಂದು ಸಂಜೆ ಉಳಿಯುತ್ತಿತ್ತು.

ಈಗ ಬುಧವಾರದ ಅನಾಹುತ. ಡಿ-ಬಸ್ ಗಲಾಟೆಯಲ್ಲಿ ಮೌಂಟ್ ಸ್ಕ್ರಿಪ್ಟ್ ಅನ್ನು ಎರಡೆರಡು ಸಲ ಓಡಿಸಿದ್ದೆ, ಒಂದರ ಮೇಲೊಂದು ಮೌಂಟ್ ಕೂತಿದ್ದವು. ಎಲ್ಲ ತೆಗೆದು ಮೊದಲಿಂದ ಮಾಡೋಣ ಅಂತ ಸಿಎಚ್‌ರೂಟ್ ಒಳಗಿನ ಡೆವ್ ಅನ್ನು ಯುಮೌಂಟ್ ಮಾಡಲು, ಅಂದರೆ ಕಳಚಲು, ಹೋದೆ. ಬ್ಯುಸಿ ಅಂದಿತು. ನಾನು ಯೋಚಿಸದೆ, ಬ್ಯುಸಿ ಇದ್ದರೂ ಕಳಚುವ ಲೇಜಿ ಆಪ್ಷನ್ ಕೂಡಿಸಿ, ಕೆಳಗಿನವೂ ಹೋಗಲಿ ಅಂತ ರಿಕರ್ಸಿವ್ ಕೂಡ ಹಾಕಿ ಒತ್ತಿದೆ. ಮರುಮಾತಿಲ್ಲದೆ ಒಪ್ಪಿಕೊಂಡಿತು. ಖುಷಿಯಿಂದ ಲಾಗೌಟ್ ಆದೆ. ಕಾಫಿ ಕುಡಿದು ಬಂದು ಮತ್ತೆ ಎಸ್‌ಎಸ್‌ಎಚ್ ಮಾಡಿದರೆ: ಪಿಟಿವೈ (ಟೈಪ್ ಮಾಡಲು ಬೇಕಾದ ಟರ್ಮಿನಲ್) ಕೊಡಲು ಆಗಲಿಲ್ಲ. ಪ್ರಾಂಪ್ಟ್ ಇಲ್ಲ. ಏನೂ ಇಲ್ಲ.

ಆದದ್ದು ಇಷ್ಟು. ಸಿಸ್ಟಂಡಿ (ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಇರುವ ಲಿನಕ್ಸ್‌ನಲ್ಲಿ ಮೌಂಟ್‌ಗಳು ಹುಟ್ಟುತ್ತಲೇ ‘ಹಂಚಿಕೊಂಡ’ ಮೌಂಟ್‌ಗಳು. ಆರ್‌ಬೈಂಡ್ ಮಾಡಿದಾಗ ಒಳಗಿನ ಡೆವ್ ಮತ್ತು ಹೊರಗಿನ ಡೆವ್ ಒಂದೇ ಗುಂಪಿನವು ಆಗುತ್ತವೆ. ಒಳಗಿನ ಡೆವ್ ಕೆಳಗಿದ್ದ ಪಿಟಿಎಸ್ ಅನ್ನು ನಾನು ಕಿತ್ತಾಗ, ಆ ಸುದ್ದಿ ಹೊರಗಿನ ಡೆವ್‌ಗೂ ತಲುಪಿ ಅಲ್ಲಿಯ ಪಿಟಿಎಸ್ ಕೂಡ ಹೋಯಿತು. ಹೊಸ ಟರ್ಮಿನಲ್ ಹುಟ್ಟುವುದೇ ಅಲ್ಲಿ. ನನ್ನ ಮನೆಯ ಬಾವಿ ಹಗ್ಗ ಅಂತ ಕೊಯ್ದೆ, ಅದು ಇಡೀ ವಠಾರದ ಹಗ್ಗವಾಗಿತ್ತು. ಆರ್‌ಬೈಂಡ್ ಆದ ಕೂಡಲೇ ಅದನ್ನು ಮೇಕ್-ಆರ್‌ಸ್ಲೇವ್ ಮಾಡಬೇಕಿತ್ತು. ಆಗ ಹೊರಗಿನ ಬದಲಾವಣೆ ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುವುದಿಲ್ಲ. ಒಂದು ಸಾಲು.

ಅಪ್ಪನಿಗೆ ಫೋನ್ ಮಾಡಿದೆ. ‘ಅಪ್ಪ, ಟಿವಿ ಪಕ್ಕದ ಕರಿ ಡಬ್ಬದ ಬಟನ್ ಒಂದು ಸಲ ಒತ್ತಿ ಬಿಡಿ, ಹಿಡ್ಕೋಬೇಡಿ, ಅದು ಆಫ್ ಆದ್ಮೇಲೆ ಮತ್ತೆ ಒತ್ತಿ.’ ಅಪ್ಪ ನಿವೃತ್ತ ಮೇಷ್ಟ್ರು, ಸೂಚನೆ ಪಾಲಿಸುವುದಕ್ಕಿಂತ ಕೊಡುವುದು ಅಭ್ಯಾಸ. ‘ಚೆನ್ನಾಗಿ ಓಡ್ತಿತ್ತಲ್ಲೋ, ಯಾಕ್ ಕೈ ಹಾಕ್ದೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರೀಬೂಟ್ ಆದ ಮೇಲೆ ಎಲ್ಲ ಸರಿಯಾಯಿತು, ಫೋಟೋಗಳೂ ಇದ್ದವು. ಆಮೇಲೆ ನೆನಪಾಯಿತು, ಪಿಟಿವೈ ಇಲ್ಲದಿದ್ದರೂ ಎಸ್‌ಎಸ್‌ಎಚ್ ಜೊತೆಗೇ ಒಂದು ಕಮಾಂಡ್ ಕಳಿಸಿದರೆ ಅದು ಓಡುತ್ತದೆ, ಹಾಗೆ ಪಿಟಿಎಸ್ ಮತ್ತೆ ಮೌಂಟ್ ಮಾಡಬಹುದಿತ್ತು, ಅಪ್ಪನ ಬೈಗುಳ ತಪ್ಪುತ್ತಿತ್ತು. ಇನ್ನೊಂದು ಮಾತು, ಇದಕ್ಕಿಂತ ಭಯಂಕರವಾದದ್ದು: ಬೈಂಡ್ ಮೌಂಟ್ ಇರುವಾಗಲೇ ಸಿಎಚ್‌ರೂಟ್ ಫೋಲ್ಡರ್ ಅನ್ನು ಆರ್‌ಎಂ-ಆರ್‌ಎಫ್ ಮಾಡಿದರೆ ಅಳಿಸುವುದು ಒಳಗಿನದನ್ನಷ್ಟೇ ಅಲ್ಲ, ಹೊರಗಿನ ನಿಜವಾದದ್ದನ್ನೂ. ಅದನ್ನು ನಾನು ಮಾಡಲಿಲ್ಲ, ಅಷ್ಟು ಪುಣ್ಯ ಇತ್ತು.

ಗುರುವಾರ ಎಕ್ಸ್ ಎದ್ದಿತು. ಲಾಗ್‌ನಲ್ಲಿ ಗ್ರಾಫಿಕ್ಸ್ ಸಿಕ್ಕಿದೆ, ಎಚ್‌ಡಿಎಂಐ ಸಿಕ್ಕಿದೆ, 1080 ಮೋಡ್ ಸಿಕ್ಕಿದೆ. ಅಮ್ಮನಿಗೆ ಫೋನ್.

‘ಟಿವಿಯಲ್ಲಿ ಏನು ಕಾಣ್ತಿದೆ?’

‘ಕಪ್ಪಗೈತೆ ಕಣಪ್ಪ.’

‘ನೋ ಸಿಗ್ನಲ್ ಅಂತ ಬರೆದಿದ್ಯಾ?’

‘ಏನೂ ಬರ್ದಿಲ್ಲ. ಸುಮ್ನೆ ಕಪ್ಪು.’

ಇದು ಒಳ್ಳೆಯ ಸುದ್ದಿ! ಹೊರಗಿನವರಿಗೆ ಅರ್ಥವಾಗದ ಸಂತೋಷ ಇದು. ಈಗಿನ ಎಕ್ಸ್‌ಆರ್ಗ್ ಖಾಲಿ ಇದ್ದಾಗ ಬರೀ ಕಪ್ಪು ತೋರಿಸುತ್ತದೆ, ಮೊದಲಿನ ಹಾಗೆ ಬೂದು ಚುಕ್ಕೆಗಳ ಹಿನ್ನೆಲೆ, ನಡುವೆ ದೊಡ್ಡ ಎಕ್ಸ್ ಕರ್ಸರ್ ಇರುವುದಿಲ್ಲ. ಹಾಗಾಗಿ ಕೆಟ್ಟಿರುವ ಕಪ್ಪು ಮತ್ತು ಸರಿಯಿರುವ ಕಪ್ಪು ಎರಡೂ ನೋಡಲು ಒಂದೇ. ಗುರುತು ಹಿಡಿಯಲು ಎಕ್ಸ್‌ಸೆಟ್‌ರೂಟ್‌ನಿಂದ ಹಿನ್ನೆಲೆಗೆ ಕೆಂಪು ಬಣ್ಣ ಬಳಿಯೋಣ ಅಂತ ಇನ್ನೊಂದು ಎಸ್‌ಎಸ್‌ಎಚ್ ತೆರೆದು, ಸಿಎಚ್‌ರೂಟ್‌ಗೆ ರೂಟ್ ಆಗಿ ಹೋಗಿ, ಡಿಸ್‌ಪ್ಲೇ ವೇರಿಯಬಲ್‌ಗೆ :0 ಕೊಟ್ಟು ಕಮಾಂಡ್ ಹಾಕಿದೆ. ಅನುಮತಿ ಇಲ್ಲ.

ಕಾರಣ ಕುಕಿ. ಸ್ಟಾರ್ಟ್‌ಎಕ್ಸ್ ಪ್ರತಿ ಸಲ ಒಂದು ಗುಟ್ಟಿನ ಸಂಖ್ಯೆ ಹುಟ್ಟಿಸಿ ಯೂಸರ್‌ನ ಮನೆ ಫೋಲ್ಡರಿನ ಎಕ್ಸ್‌ಅಥಾರಿಟಿ ಫೈಲಿನಲ್ಲಿ ಇಡುತ್ತದೆ. ಮ್ಯಾಜಿಕ್ ಕುಕಿ ಅಂತಲೇ ಅದರ ಹೆಸರು. ಅದು ಅಮ್ಮನ ಯೂಸರ್‌ ಹತ್ತಿರ ಇದೆ, ನಾನು ರೂಟ್. ಎಕ್ಸ್‌ಅಥಾರಿಟಿ ವೇರಿಯಬಲ್ ಅನ್ನು ಆ ಫೈಲಿಗೆ ತಿರುಗಿಸಿದರೆ ಆಯಿತು. ಇಂಟರ್ನೆಟ್‌ನಲ್ಲಿ ಸಾವಿರ ಜನ ಎಕ್ಸ್‌ಹೋಸ್ಟ್ ಪ್ಲಸ್ ಕೊಡು ಅನ್ನುತ್ತಾರೆ, ಯಾರು ಬೇಕಾದರೂ ಒಳಗೆ ಬರಲಿ ಅನ್ನುವ ಆ ಕಮಾಂಡ್ ಬೀಗದ ಕೈ ಸಿಗಲಿಲ್ಲ ಅಂತ ಬಾಗಿಲನ್ನೇ ಕಳಚಿಟ್ಟ ಹಾಗೆ. ದಯವಿಟ್ಟು ಬೇಡ.

ಈ ಜಾಗದಲ್ಲಿ ನನಗೊಂದು ಮಜವಾದ ವಿಷಯ ಸಿಕ್ಕಿತು, ಕೆಲಸಕ್ಕೆ ಬೇಕಿರಲಿಲ್ಲ, ಆದರೂ ಹೇಳುತ್ತೇನೆ. ಹೊರಗಿನ ಸರ್ವರ್‌ನಲ್ಲಿ ಎಸ್‌ಎಸ್ ಕಮಾಂಡ್‌ನಿಂದ ಸಾಕೆಟ್ ಪಟ್ಟಿ ನೋಡಿದರೆ /ಟಿಎಂಪಿ ಕೆಳಗೆ ಎಕ್ಸ್0 ಅಂತ ಸಾಕೆಟ್ ಕಾಣುತ್ತದೆ. ಹೊರಗಿನ /ಟಿಎಂಪಿ ಒಳಗೆ ಹೋಗಿ ನೋಡಿದರೆ ಅದು ಇಲ್ಲ! ದೆವ್ವ ಅಲ್ಲ. ಸಾಕೆಟ್ ಮಾಡಿದವನು ಸಿಎಚ್‌ರೂಟ್ ಒಳಗಿದ್ದ, ಅವನು ಹೇಳಿದ ಹೆಸರನ್ನೇ ಕರ್ನಲ್ ಬರೆದುಕೊಂಡಿದೆ, ಫೈಲ್ ಮಾತ್ರ ಒಳಗಿನ ಟಿಎಂಪಿಯಲ್ಲಿದೆ. ಅದರ ಪಕ್ಕದಲ್ಲೇ ಮೊದಲಲ್ಲಿ @ ಇರುವ ಇನ್ನೊಂದು ಸಾಲು ಇರುತ್ತದೆ. ಅದು ಅಬ್‌ಸ್ಟ್ರಾಕ್ಟ್ ಸಾಕೆಟ್. ಅದಕ್ಕೆ ಫೈಲೇ ಇಲ್ಲ, ಅದು ನೆಟ್‌ವರ್ಕ್ ಕಡೆಗೆ ಸೇರಿದ್ದು, ಆದ್ದರಿಂದ ಸಿಎಚ್‌ರೂಟ್ ಗೋಡೆ ಅದಕ್ಕೆ ಅಡ್ಡ ಬರುವುದಿಲ್ಲ. ಅಂದರೆ ಒಳಗಿನ ಎಕ್ಸ್ ಮತ್ತು ಹೊರಗಿನ ಪ್ರೋಗ್ರಾಂ ನಡುವೆ ನಿಜವಾದ ಬೀಗ ಫೋಲ್ಡರ್ ಅಲ್ಲ, ಆ ಕುಕಿ.

‘ಅಮ್ಮ, ಈಗ?’

‘ಅಯ್ಯೋ, ಕೆಂಪಗಾಯ್ತು! ಕೆಟ್ಟೋಯ್ತಾ?’

ಆಗಿನ ನನ್ನ ಕುಣಿತ ಯಾರೂ ನೋಡಲಿಲ್ಲ.

ಆದರೆ ಕೀಬೋರ್ಡ್ ಇಲ್ಲ. ಟಚ್‌ಪ್ಯಾಡ್ ಇರುವ ಸಣ್ಣ ವೈರ್‌ಲೆಸ್ ಕೀಬೋರ್ಡ್ ಕೊಟ್ಟಿದ್ದೆ. ಅಮ್ಮ ಒತ್ತಿದರೆ ಏನೂ ಅಲುಗಾಡುತ್ತಿಲ್ಲ. ಬ್ಯಾಟರಿ ಬದಲಿಸಿ ಅಂದೆ, ಬದಲಿಸಿದರು. ಡೆವ್ ಇನ್‌ಪುಟ್‌ನಲ್ಲಿ ಇವೆಂಟ್ ಫೈಲುಗಳು ಇವೆ, ಅದನ್ನು ಓದಿದರೆ ಅಮ್ಮನ ಒಂದೊಂದು ಒತ್ತಿಗೂ ಕಸ ಅಕ್ಷರ ಬರುತ್ತಿವೆ. ಅಂದರೆ ಕರ್ನಲ್‌ಗೆ ಗೊತ್ತು, ಎಕ್ಸ್‌ಗೆ ಗೊತ್ತಿಲ್ಲ. ಲಾಗ್‌ನಲ್ಲಿ ಕೀಬೋರ್ಡ್ ಬಗ್ಗೆ ತಪ್ಪು ಅಂತ ಒಂದು ಸಾಲೂ ಇಲ್ಲ, ಇರಬೇಕಾದ ‘ಇನ್‌ಪುಟ್ ಡಿವೈಸ್ ಸೇರಿಸುತ್ತಿದ್ದೇನೆ’ ಅನ್ನುವ ಸಾಲು ಇಲ್ಲ. ಹೇಳದೆ ಇರುವ ತಪ್ಪು ಹುಡುಕುವುದು ಹೇಳಿದ ತಪ್ಪಿಗಿಂತ ಕಷ್ಟ.

ಎಕ್ಸ್ ತಾನಾಗಿ ಡೆವ್ ಫೋಲ್ಡರ್ ತಡಕುವುದಿಲ್ಲ. ಸಾಧನಗಳ ವಿವರ ಇಟ್ಟುಕೊಳ್ಳುವ ಯೂಡೆವ್ ಅನ್ನು ಕೇಳುತ್ತದೆ, ಇದು ಇನ್‌ಪುಟ್ ಸಾಧನವಾ, ಕೀಬೋರ್ಡಾ, ಮೌಸಾ ಅಂತ. ಆ ಉತ್ತರಗಳೆಲ್ಲ ಹೊರಗಿನ /ರನ್/ಯೂಡೆವ್ ಫೋಲ್ಡರಿನಲ್ಲಿ ಬರೆದಿರುತ್ತವೆ. ಒಳಗೆ ಆ ಫೋಲ್ಡರ್ ಇಲ್ಲದಿದ್ದರೆ ಯಾವ ಸಾಧನಕ್ಕೂ ಗುರುತಿನ ಚೀಟಿ ಇಲ್ಲ, ಚೀಟಿ ಇಲ್ಲದವರನ್ನು ಎಕ್ಸ್ ಒಳಗೆ ಬಿಡುವುದಿಲ್ಲ. ಡೆವ್, ಪ್ರಾಕ್, ಸಿಸ್ ಮೌಂಟ್ ಮಾಡಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಈ ರನ್-ಯೂಡೆವ್ ಅನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಬೈಂಡ್ ಮಾಡಿ ಎಕ್ಸ್ ಮತ್ತೆ ಶುರು ಮಾಡಿದೆ. ಬಾಣ ಓಡಾಡಿತು. ಪಕ್ಕದಲ್ಲಿ ಎಸ್‌ಎಸ್‌ಎಚ್ ಇಲ್ಲದಿದ್ದರೆ ಇದನ್ನು ಮಾಡಲು ಹೋಗಬೇಡಿ, ಯಾಕೆಂದರೆ ಕೀಬೋರ್ಡ್ ಇಲ್ಲದ ಎಕ್ಸ್ ಪರದೆ ಹಿಡಿದರೆ ಕಂಟ್ರೋಲ್-ಆಲ್ಟ್-ಎಫ್1 ಕೂಡ ಕೆಲಸ ಮಾಡಲ್ಲ.

ಬ್ರೌಸರ್ ಎರಡು ಪೇಚು ತಂದಿತು. ಕ್ರೋಮಿಯಂ ಬ್ರೌಸರ್ ತನ್ನ ಸ್ಯಾಂಡ್‌ಬಾಕ್ಸ್ (ವೆಬ್ ಪುಟಗಳನ್ನು ಕೂಡಿಹಾಕುವ ಬೇಲಿ) ಕಟ್ಟಲು ಯೂಸರ್ ನೇಮ್‌ಸ್ಪೇಸ್ (ಕರ್ನಲ್ ಕೊಡುವ ಪ್ರತ್ಯೇಕ ಯೂಸರ್ ಲೋಕ) ಕೇಳುತ್ತದೆ, ಸಿಎಚ್‌ರೂಟ್ ಒಳಗಿರುವವರಿಗೆ ಕರ್ನಲ್ ಅದನ್ನು ಕೊಡುವುದೇ ಇಲ್ಲ. ಸ್ಯಾಂಡ್‌ಬಾಕ್ಸ್ ಆಫ್ ಮಾಡುವ ಆಪ್ಷನ್ ಇದೆ, ನಾನು ಹಾಕಲಿಲ್ಲ. ಡೆಬಿಯನ್‌ನ ಬೇರೆ ಪ್ಯಾಕೇಜ್‌ನಲ್ಲಿ ರೂಟ್ ಹಕ್ಕಿನಿಂದ ಆ ಬೇಲಿ ಕಟ್ಟಿಕೊಡುವ ಸೆಟ್‌ಯುಐಡಿ ಸಹಾಯಕ ಇದೆ, ಅದನ್ನು ಹಾಕಿದೆ.

ಇನ್ನೊಂದು, ವಿಡಿಯೋ ತಡವರಿಸಿ ಓಡುತ್ತಿತ್ತು, ಸಿಪಿಯು ನೂರಕ್ಕೆ ಮುಟ್ಟಿತ್ತು. ಡಿಆರ್‌ಐ ಫೋಲ್ಡರಿನ ರೆಂಡರ್ ನೋಡ್ (ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ವಹಿಸುವ ಫೈಲ್) ತೆರೆಯಲು ಅಮ್ಮನ ಯೂಸರ್‌ಗೆ ಹಕ್ಕಿರಲಿಲ್ಲ. ರೆಂಡರ್ ಗುಂಪಿಗೆ ಸೇರಿಸಿದ್ದೆನಲ್ಲ? ಸೇರಿಸಿದ್ದೆ, ಆದರೆ ಒಳಗಿನ ರೆಂಡರ್ ಗುಂಪಿಗೆ. ಕರ್ನಲ್‌ಗೆ ಹೆಸರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಡೆಬಿಯನ್‌ನಲ್ಲಿ ವಿಡಿಯೋ ಗುಂಪು ಎಲ್ಲ ಕಡೆ 44, ಆಡಿಯೋ 29, ಅವು ಗಟ್ಟಿ. ರೆಂಡರ್‌ಗೆ ಆ ಭಾಗ್ಯ ಇಲ್ಲ, ಇನ್‌ಸ್ಟಾಲ್ ಆಗುವಾಗ ಯಾವುದು ಖಾಲಿ ಇದೆಯೋ ಅದು. ಹೊರಗೆ ಒಂದು ಸಂಖ್ಯೆ, ಒಳಗೆ ಇನ್ನೊಂದು, ಹೊರಗಿನ ಸಂಖ್ಯೆ ಒಳಗೆ ಸಂಬಂಧವೇ ಇಲ್ಲದ ಬೇರೆ ಗುಂಪಿನದು. ಎರಡನ್ನೂ ಗ್ರೂಪ್‌ಮಾಡ್‌ನಿಂದ ಅದಲು ಬದಲು ಮಾಡಿದ ಮೇಲೆ ವಿಡಿಯೋ ನೀರಿನ ಹಾಗೆ ಹರಿಯಿತು.

ಶುಕ್ರವಾರ ಈ ಎಲ್ಲವನ್ನೂ ಹೊರಗಿನ ಸಿಸ್ಟಂಡಿಯ ಒಂದು ಯೂನಿಟ್ ಫೈಲಿಗೆ (ಸರ್ವಿಸ್ ಹೇಗೆ ನಡೆಸಬೇಕು ಅಂತ ಹೇಳುವ ಫೈಲ್) ಹಾಕಿದೆ. ಅದರಲ್ಲಿ ರೂಟ್‌ಡೈರೆಕ್ಟರಿ ಅಂತ ಒಂದು ಸಾಲು ಕೊಟ್ಟರೆ ಅದೇ ಸಿಎಚ್‌ರೂಟ್ ಮಾಡುತ್ತದೆ, ಬೈಂಡ್‌ಪಾತ್ಸ್‌ನಲ್ಲಿ ಬೇಕಾದ ಫೋಲ್ಡರ್ ಹೇಳಿದರೆ ಆ ಮೌಂಟ್‌ಗಳು ಆ ಸರ್ವಿಸ್‌ಗೆ ಮಾತ್ರ ಕಾಣುತ್ತವೆ, ಸರ್ವಿಸ್ ನಿಂತರೆ ತಾವೇ ಹೋಗುತ್ತವೆ. ನನ್ನ ಬುಧವಾರದ ಅನಾಹುತ ಇದರಲ್ಲಿ ಆಗುವುದೇ ಇಲ್ಲ. ಮೊದಲೇ ಯಾಕೆ ಹೀಗೆ ಮಾಡಲಿಲ್ಲ ಅಂತ ಕೇಳಬೇಡಿ.

ಶನಿವಾರ ಬೆಳಿಗ್ಗೆ ಅಮ್ಮನ ಫೋನ್. ಮತ್ತೆ ಕಪ್ಪಂತೆ. ರಾತ್ರಿ ಕರೆಂಟ್ ಹೋಗಿ ಬಂದು ಕಂಪ್ಯೂಟರ್ ರೀಬೂಟ್ ಆಗಿತ್ತು. ಮೌಂಟ್ ನೋಡಿದೆ, ಸರಿ. ಗುಂಪು ಸರಿ, ಯೂಡೆವ್ ಸರಿ. ಒಂದು ಗಂಟೆ ಸಿಎಚ್‌ರೂಟ್ ಅನ್ನೇ ಬೈದೆ. ಕೊನೆಗೆ ಲಾಗ್ ಕೆಳಗಿನಿಂದ ಓದಿದೆ. ಯಾವ ಪರದೆಯೂ ಸಿಕ್ಕಿಸಿಲ್ಲ, ಸುಮ್ನೆ 1024 ಬೈ 768 ಅಂದುಕೊಂಡು ಶುರು ಮಾಡುತ್ತಿದ್ದೇನೆ ಅಂತ ಎಕ್ಸ್ ಪಾಪ ಬರೆದಿಟ್ಟಿತ್ತು. ಕಂಪ್ಯೂಟರ್ ಏಳುವಾಗ ಟಿವಿ ಆಫ್ ಇತ್ತು. ನಮ್ಮ ಟಿವಿ ಆಫ್ ಇದ್ದರೆ ಕೇಬಲ್ಲೇ ಇಲ್ಲದ ಹಾಗೆ ನಟಿಸುತ್ತದೆ. ಆಮೇಲೆ ಆನ್ ಮಾಡಿದರೂ, ನಾನು ಹಾಕಿದ್ದ ಸಣ್ಣ ವಿಂಡೋ ಮ್ಯಾನೇಜರ್‌ಗೆ (ಪರದೆಯ ಮೇಲೆ ಕಿಟಕಿಗಳನ್ನು ಜೋಡಿಸುವ ಪ್ರೋಗ್ರಾಂಗೆ) ಹೊಸ ಪರದೆ ಬಂದರೆ ಏನು ಮಾಡಬೇಕು ಗೊತ್ತಿಲ್ಲ. ಎಕ್ಸ್‌ರ‍್ಯಾಂಡ್‌ಆರ್‌ನಲ್ಲಿ ಎಚ್‌ಡಿಎಂಐಗೆ ಆಟೋ ಕೊಟ್ಟೆ, ಅಂದರೆ ಪರದೆಯನ್ನು ನೀನೇ ಹೊಂದಿಸಿಕೋ ಅಂದೆ, ಚಿತ್ರ ಬಂತು. ಸಿಎಚ್‌ರೂಟ್‌ಗೂ ಇದಕ್ಕೂ ಏನೇನೂ ಸಂಬಂಧ ಇರಲಿಲ್ಲ.

ಈಗ ಒಂದು ಚಿಕ್ಕ ಸ್ಕ್ರಿಪ್ಟ್ ಐದು ಸೆಕೆಂಡಿಗೊಮ್ಮೆ ಸಿಸ್ ಫೋಲ್ಡರಿನಲ್ಲಿ ಎಚ್‌ಡಿಎಂಐ ಸ್ಟೇಟಸ್ ಫೈಲ್ ಓದಿ, ಕನೆಕ್ಟೆಡ್ ಅಂತ ಆದ ಕೂಡಲೇ ಅದೇ ಕಮಾಂಡ್ ಓಡಿಸುತ್ತದೆ. ಅದೇ ಫೈಲನ್ನು ನಾನು ಮೈಸೂರಿನಲ್ಲಿ ಕೂತು ಓದಿದರೆ ಮಂಡ್ಯದಲ್ಲಿ ಟಿವಿ ಆನ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಸುಮ್ನೆ ನೋಡಿದೆ, ಕನೆಕ್ಟೆಡ್. ಫೋನ್ ಮಾಡಿ ಇನ್ನೂ ಮಲಗಿಲ್ವಾ ಅಂತ ಕೇಳಿದೆ. ನಿಂಗ್ ಹೆಂಗ್ ಗೊತ್ತಾಯ್ತು ಅಂತ ಅಮ್ಮ ಕೇಳಿದರು. ಹೇಳಲಿಲ್ಲ.